ಬಾವಿಕಟ್ಟೆಯ ಮೇಲೆ ಬಾರಿಸಿದ ತಿಹಾಯಿ

ದೀಪ ಸಣ್ಣದು ಮಾಡಿ, ಹತ್ತಿರ ಬನ್ನಿ. ಇದು ಕಟ್ಟುಕತೆ ಅಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ನಗೋರು ಈಗಲೇ ನಕ್ಕುಬಿಡಿ.

ಅವನು ತಬಲಾ ನುಡಿಸೋನು. ಬೆಳಗಾದರೆ ಸಂಗೀತ ಶಾಲೆಯಲ್ಲಿ ಒಬ್ಬನೇ ಕೂತು ನುಡಿಸಿ ತೋರಿಸಬೇಕು, ಒಪ್ಪಿದರೆ ಮೇಷ್ಟ್ರ ಕೆಲಸ. ಹೆಂಡತಿ ಬಸುರಿ, ಕೈಯಲ್ಲಿ ಬೇರೆ ಕಸುಬಿಲ್ಲ. ಇದೂ ತಪ್ಪಿದರೆ ಮುಗೀತು ಕತೆ. ಗುರುಗಳ ಮನೇಲಿ ಕೊನೇ ಅಭ್ಯಾಸ ಮುಗಿಸಿ ಹೊರಟಾಗ ಬೀದಿಯೆಲ್ಲ ಮಲಗಿತ್ತು.

ದಾರೀಲಿ ಒಂದು ಹಾಳುಬಾವಿ. ಸಣಕಲ ಬಿದ್ದು ಸತ್ತ ಬಾವಿ. ಸಣಕಲ ಅಂದ್ರೆ ಇವನ ಜೊತೇಲೇ ಕಲಿತವನು. ಕೈ ಇನ್ನೇನು ಕುದುರಿತು ಅನ್ನೋವಾಗ, ಮೊದಲ ಕಚೇರಿಯ ಹಿಂದಿನ ರಾತ್ರಿ ಹೋಗಿಬಿಟ್ಟ ಪಾಪ.

ಇವನು ಬಾವಿ ದಾಟ್ತಿದ್ದಾನೆ... ಒಳಗಿಂದ ಸದ್ದು. ಗುಂ... ಗುಂ... ಎಡಗೈಲಿ ಬಾರಿಸೋ ಡಗ್ಗಾದ ದಪ್ಪ ಸದ್ದು. ಹಿಂದೆಯೇ ತಬಲಾದ ಅಂಚಿನ ಟಣ್. ಇವನ ಕಾಲು ಅಲ್ಲೇ ಕಚ್ಚಿಕೊಂಡಿತು.

ಮೊದಲು ಪೇಶ್ಕಾರ್, ನಿಧಾನಕ್ಕೆ. ಆಮೇಲೆ ಕಾಯ್ದಾ, ಧಾ, ತಿರಕಿಟ ಅಂತ ಇರೋ ನಾಲ್ಕು ಬೋಲನ್ನೇ ಹಿಂದೆಮುಂದೆ ಮಾಡಿ ಬೆಳೆಸೋದು. ಆಮೇಲೆ ರೇಲಾ, ಒಂದೇ ಓಟ... ತಿರಕಿಟ ತಿರಕಿಟ ತಿರಕಿಟ... ಸಣಕಲನ ಕೈಯೇ! ಅಷ್ಟು ವರ್ಷ ಪಕ್ಕದಲ್ಲಿ ಕೂತವನಿಗೆ ಗೊತ್ತಾಗಲ್ವೆ?

ಕೊನೆಗೆ ತಿಹಾಯಿ. ಒಂದೇ ತುಂಡನ್ನ ಮೂರು ಸಲ ನುಡಿಸಬೇಕು, ಮೂರನೇದರ ಕೊನೇ ಧಾ ತಾಳದ ಮೊದಲ ಏಟಿನ ಮೇಲೆ ಬೀಳಬೇಕು. ಆಗಲೇ ನುಡಿಸಿದ್ದು ಮುಗಿದ ಹಾಗೆ. ಒಂದು ಸಲ ಬಂತು. ಎರಡು ಸಲ ಬಂತು. ಆಮೇಲೆ... ಇಲ್ಲ.

ನಾವು ನೀವಾಗಿದ್ರೆ ಬಿದ್ದಂಬೀಳ ಓಡ್ತಿದ್ವಿ. ತಬಲಾದವನಿಗೆ ಅರ್ಧಕ್ಕೆ ನಿಂತ ತಿಹಾಯಿ ಸಹಿಸೋಕಾಗುತ್ತಾ? ಮನಸ್ಸು ಬೇಡ ಬೇಡ ಅಂತಿತ್ತು, ಬೆರಳು ಕೇಳಲಿಲ್ಲ. ಬಾವಿಕಟ್ಟೆ ಮೇಲೆ ಮೂರನೇದನ್ನ ಬಾರಿಸೇಬಿಟ್ಟ. ಧಾ!

ಒಳಗಿಂದ ಯಾರೋ ಉಸಿರು ಬಿಟ್ಟರು. "ಇಷ್ಟು ಸಾಕು ಕಣೋ... ನೀನಿನ್ನು ಹೋಗು."

ಮನೆಗೆ ಬಂದರೆ ಮೈಯೆಲ್ಲ ಬೆವರು.

"ಏನಾಯ್ತ್ರೀ?"

"ಏನಿಲ್ಲ... ಮಲಕ್ಕೋ."

ಬೆಳಿಗ್ಗೆ ಶಾಲೆಯವರ ಮುಂದೆ ಕೂತ. ತಿರಕಿಟ ಬರಲಿಲ್ಲ! ಮೊದಲ ದಿನ ಕಲಿಯೋಕೆ ಬಂದವರ ಥರ ಪಟಪಟ ತಟ್ಟಿದ, ಅಷ್ಟೇ. ಅವರು ಮುಖ ಮುಖ ನೋಡಿಕೊಂಡರು. ಕೆಲಸ ಇನ್ಯಾರಿಗೋ ಹೋಯ್ತು. ಡಾಕ್ಟರು ನರ ಎಲ್ಲ ಸರಿಯಾಗಿದೆ ಅಂದರು. ಗುರುಗಳು ಮತ್ತೆ ಮೊದಲಿಂದ ಕಲಿಸಿ ನೋಡಿದರು, ಒಂದು ಬೋಲೂ ಕೈಗೆ ಹತ್ತಲಿಲ್ಲ. ಕೊನೆಗೆ ಅವರೂ ಕೈಚೆಲ್ಲಿದರು.

ಒಂದು ರಾತ್ರಿ ಹೆಂಡತಿ ಅವನ ಭುಜ ಅಲ್ಲಾಡಿಸಿದಳು.

"ರೀ... ಬಾವಿ ಕಡೆಯಿಂದ ತಬಲಾ ಕೇಳ್ತಿದೆ. ಥೇಟ್ ನಿಮ್ಮ ಕೈ ಅಲ್ವೇನ್ರೀ ಅದು?"

"ಹೂಂ... ನಂದೇ."

ಗೋಡೆ ಕಡೆ ತಿರುಗಿ ಅತ್ತ. ಗಂಡಸು, ಮಗುವಿನ ಥರ ಬಿಕ್ಕಿ ಬಿಕ್ಕಿ ಅತ್ತ.

ಈಗ ಗೋದಾಮಿನಲ್ಲಿ ಮೂಟೆ ಹೊರ್ತಾನೆ. ತಬಲಾ ಬಾರಿಸಿ ಬಾರಿಸಿ ತೋರುಬೆರಳು ಜಡ್ಡುಗಟ್ಟಿತ್ತು, ಬಾರಿಸೋದು ಬಿಟ್ಟ ಮೇಲೆ ಆ ಜಡ್ಡು ಹೋದರೆ ಹೋಗ್ಲಿ ಅನ್ನಿ. ಆದರೆ ದಿನವಿಡೀ ಗೋಣಿ ಎಳೆದರೂ ಅವನ ಬೆರಳಿಗೆ ಒಂದು ಗೀರು ಬೀಳಲ್ಲ, ಒಂದು ಗುಳ್ಳೆ ಏಳಲ್ಲ. ಈಗ ತಾನೇ ಹುಟ್ಟಿದ ಕೂಸಿನ ಬೆರಳಿನ ಹಾಗೆ ಮೆತ್ತಗಿವೆ. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ... ನಾನೇ ಹಿಡಿದು ನೋಡಿದ್ದೀನಿ.