ಉತ್ತರಕ್ಕೆ ಮೊದಲೇ ಬಿಗಿದ ಗಂಟು

ಡೋಣಿ ಹೊಳೆ ತುಂಬಿ ದಾರಿ ನಿಂತಿತ್ತು. ಮಸೂತಿ ಎಂಬ ಊರಿನಿಂದ ಕೂಲಿಗೆ ಬಂದ ಹೆಂಗಸರು ಎರೆಮಣ್ಣು ಮೆತ್ತಿದ ಕಾಲಲ್ಲೇ ಧಣಿ ರಾವಸಾಬನ ವಾಡೆಯ ಪಡಸಾಲೆಯಲ್ಲಿ ಉಳಿದರು. ದೀಪ ಹಚ್ಚುವ ಹೊತ್ತಷ್ಟೇ. ಮೋಡ ಕವಿದು ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಸುಗ್ರಾ ಗೋಡೆಗೆ ಆತು ಕುಳಿತಿದ್ದಳು. ಮುಂಜಾನೆ ಅಂಗಳದ ಹಗೇವಿಗೆ ಇಳಿಯಬೇಕಾದವಳು ಅವಳೇ. ಸರ್ಕಾರಕ್ಕೆ ಕಾಳು ವಸೂಲಿ ಮಾಡುವ ಲೆವಿಯವರ ಕಣ್ಣಿಗೆ ಬೀಳದಂತೆ ರಾವಸಾಬ ಆ ಆಳದ ಕುಣಿಯಲ್ಲಿ ಜೋಳ ಸುರಿಸಿಟ್ಟಿದ್ದ; ಈಗ ಮಳೆನೀರು ಜಿನುಗಿ ಜೋಳ ಮುಗ್ಗುವ ಹೆದರಿಕೆ ಅವನಿಗೆ. ಬಾಯಿ ಸಣ್ಣದು, ಹಗುರ ಮೈಯವಳು ಬೇಕು ಎಂದು ಸುಗ್ರಾಳ ಕಡೆ ಬೆರಳು ಮಾಡಿದ್ದ. ಒಲ್ಲೆ ಅಂದರೆ ಮನೆಮಂದಿಗೆಲ್ಲ ಅವನ ಹೊಲದ ಕೂಲಿ ಹೋಯಿತು.

ಅಂಗಳದಲ್ಲಿ ದಪ್... ದಪ್... ಎಂದು ಸಪ್ಪಳ. ಸೂರಿನ ನೀರು ಬೀಳುತ್ತಿರಬೇಕು ಎಂದಳು ಇಂದುಬಾಯಿ. ಎಲ್ಲರಿಗಿಂತ ಹಿರಿಯಳಾದ ಶಮಶಾದಬಿ ಎಲೆ-ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ನೀರಲ್ಲದು. ಹತ್ತರ ಬರ್ರಿ... ಸುಗ್ರಾ, ನೀ ಇನ್ನೂ ಹತ್ತರ ಬಾ. ನಿನ್ನ ಸಲುವಾಗೇ ಹೇಳಾಕತ್ತೇನಿ.

"ಗಂಟಿನ ಮ್ಯಾಳ ಅಂತ ಒಂದಿತ್ತವ್ವಾ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ... ಈ ಸೀಮಿಯೊಳಗ ಎಲ್ಲೆ ದೆವ್ವ ಕಾಡಿದ್ರೂ ಅವರನ್ನ ಕರೀತಿದ್ರು. ಫಕೀರರಿದ್ರು, ಜಂಗಮರಿದ್ರು, ಊರ ಹೊರಗಿನ ಕೇರಿಯವರಿದ್ರು. ವರ್ಷಕ್ಕೊಮ್ಮಿ ಸಾಲೋಟಗಿಯೊಳಗ ಕೂಡಿ ಒಂದ ಪರಾತದಾಗ ಉಣ್ಣೂ ಮಂದಿ. ಅವರ ವಿದ್ಯಾ ಏನಂತೀರಿ? ಇಬ್ಬರು ಹೋಗಬೇಕು, ಒಬ್ಬ ಕೇಳಾಂವ, ಒಬ್ಬ ಕಟ್ಟಾಂವ. ನಡುವ ಮಣ್ಣಿನ ಮಗಿ. ದೆವ್ವ ಮಗಿಯೊಳಗ ಬಂತಂದ್ರ ಕೇಳಾಂವ ಬಾಯಿ ಹಚ್ಚಿ 'ಏನ ಬೇಕು' ಅಂತ ಕೇಳಬೇಕು. ಅದು ಹೇಳೂತನಕ ಕಟ್ಟಾಂವ ದಾರ ಹಿಡಕೊಂಡು ಸುಮ್ಮ ಕುಂದರಬೇಕು. ಬೇಡಿದ್ದು ಕೊಟ್ಟ ಮ್ಯಾಲೇ ಮಗಿ ಕೊರಳಿಗೆ ಗಂಟು. ಬಾಣಂತ್ಯಾಗಿ ಸತ್ತಾಕಿ ಕೂಸಿನ ಅಳು ಕೇಳಬೇಕಂದ್ಲು, ಕೇಳಿಸಿದ್ರು. ಜೀತದಾಂವ ಒಬ್ಬ ತನ್ನ ಧಣಿ ಕೈಲೆ ಒಂದ ಚರಿಗಿ ನೀರ ಬೇಕಂದ... ಧಣಿ ಮಣಕಾಲೂರಿ ನೀರ ಹಾಕಿದ.

"ಅದ ನೋಡ್ರಿ ದೊಡ್ಡವರಿಗೆ ತಡೀಲಿಲ್ಲ. ಸತ್ತವರನ್ನ ಕೇಳೂದ್ಯಾಕ, ಕಟ್ರಿ ಸಾಕು ಅನ್ನಾಕ ಹತ್ತಿದ್ರು. ಕಟ್ಟಾವರಿಗೆ ಹೊಲ ಬಂತು, ರುಮಾಲ ಬಂತು. ಕೇಳಾವರಿಗೆ ಬಾಗಲಾ ಹಾಕಿದ್ರು.

"ಕಾಳಪ್ಪ ಕೇಳಾಂವ, ನಮ್ಮಣ್ಣ ದಸ್ತಗೀರಸಾಬ ಕಟ್ಟಾಂವ. ಕಾಳಪ್ಪನ ಮಗಳು ಲಕ್ಕವ್ವ ಕಾಕಾ ಕಾಕಾ ಅಂತ ನಮ್ಮಣ್ಣನ ಹೆಗಲ ಮ್ಯಾಲ ಬೆಳದಾಕಿ. ನಮ್ಮ ಜಿಲ್ಲಾ ಮುಂಬೈ ಬಿಟ್ಟು ಮೈಸೂರಿಗೆ ಕೂಡಿದ ವರ್ಷ, ಇದ ಹಗೇವಿಗೆ ಆಕಿನ್ನ ಇಳಿಸಿದ್ರು. ಹಗೇವು ತಗದ ಕೂಡ್ಲೇ ಯಾರರ ಇಳೀತಾರೇನು? ಒಳಗಿನ ಗಾಳಿ ಕೊಲ್ಲೂದು. ಮೊದಲ ಕಂದೀಲ ಇಳಿಬಿಡಬೇಕು, ಕಂದೀಲ ಆರಿದ್ರ ಮನಷ್ಯಾರನ್ನ ಬಿಡಬಾರದು. ಕಂದೀಲ ತರ್ತೇನ್ರಿ ಅಂದ್ಲಂತ ಲಕ್ಕವ್ವ. ಗಾಡಿ ಕಾಯಾಕತ್ತಾವು, ಇಳಿ ಅಂದನಂತ ಇದ ರಾವಸಾಬ... ಹಗ್ಗ ಜಗ್ಗಿದ್ರ ಬರೇ ಬುಟ್ಟಿ ಬಂತು.

"ತಾನ ಹುಚ್ಚರಗತೆ ಇಳದ್ಲು ಅಂತ ಊರಿಗೆ ಹೇಳಿದ ರಾವಸಾಬ. ಮಣ್ಣ ಮಾಡಿದ ಮ್ಯಾಲ ಹಗೇವು ಮುಚ್ಚಿದ ಹಾಸಗಲ್ಲ ಬುಡಕ ಬಡಿಯೂ ಸಪ್ಪಳ ಶುರುವಾತು. ಮಗಿ ತಂದ್ರು. ಊರೆಲ್ಲಾ ಈ ಅಂಗಳದಾಗ ನಿಂತೈತಿ. ಹಡದ ತಂದಿ ತನ್ನ ಮಗಳನ್ನ ಮಗಿಯೊಳಗ ಮಾತಾಡ್ಸೂದಂದ್ರ ಹೆಂಗವ್ವಾ? ಕಾಳಪ್ಪ ಬಾಯಿ ಹಚ್ಚಿ 'ಏನ ಬೇಕವ್ವಾ ಲಕ್ಕವ್ವಾ' ಅಂದ. ಮಗಿ ನಡಗ್ತು. 'ಅಪ್ಪಾ... ನನ್ನ ಇಳಿಸಿದಾಂವ...' ಅಂತು. ಅಷ್ಟ. ರಾವಸಾಬ ಕೆಮ್ಮಿದ. ನಮ್ಮಣ್ಣ ದಾರ ಜಗ್ಗಿ ಗಂಟು ಬಿಗದಬಿಟ್ಟ.

"ಕಾಳಪ್ಪ ಜಗಳಾಡ್ಲಿಲ್ಲ. 'ದಸ್ತಗೀರಾ, ನನ್ನ ಮಗಳ ಬಾಯಿ ಕಟ್ಟಿದೆಲ್ಲೋ' ಅಂದು ಎದ್ದು ಹ್ವಾದ. ಮಗಿ ಹಗೇವಿನ ಬಾಜೂಕ ಹುಗದ್ರು.

"ಆ ವರ್ಷ ಸಾಲೋಟಗಿಯೊಳಗ ಎರಡ ಪರಾತ ಆದ್ವು. ಆಮ್ಯಾಲ ಕಟ್ಟಾವರೊಳಗ ಒಡಕು. ನಿಮಗ ಹೊಲ ಹೆಚ್ಚು ನಮಗ ಕಡಿಮಿ ಅಂತ ಇಂಡಿಯವರು ಸಿಂದಗಿಯವರ ಕೂಡ ಉಣ್ಣಲಿಲ್ಲ. ಆಮ್ಯಾಲ ಜಾತಿ ಬಂತು. ಕಡೀಕ ಪರಾತ ಗೋಡಿ ಹಿಂದ ಜಂಗ ಹಿಡದು ಬಿತ್ತು, ಕೇಳಾವರೂ ಇಲ್ಲ, ಕಟ್ಟಾವರೂ ಇಲ್ಲ.

"ನಮ್ಮಣ್ಣ? ಅವತ್ತಿನಿಂದ ಅಂವ ಕಟ್ಟಿದ್ದು ಒಂದೂ ನಿಲ್ಲಲಿಲ್ಲ. ಎಮ್ಮಿ ಕಣ್ಣಿ ಬಿಚ್ಚೂದು, ಲುಂಗಿ ಬಿಚ್ಚೂದು... 'ಮಾಮಾ, ಹಿಡಕೋರಿ' ಅಂತ ಓಣಿ ಮಂದಿ ಚಾಷ್ಟಿ ಮಾಡೂದು. ನಾವೂ ನಕ್ಕೇವಿ. ಹ್ವಾದ ಚಳಿಗಾಲಕ್ಕ ಅಂವ ಸತ್ತ. ಕಫನಿಗೆ ತಲಿ ಕಡೆ ಗಂಟ ಹಾಕಿದ್ರ ಕಾಲ ಕಡೆ ಬಿಚ್ಚೂದು, ಕಾಲ ಕಡೆ ಹಾಕಿದ್ರ ತಲಿ ಕಡೆ. ಗದ್ದ ಕಟ್ಟಿದ ಅರಿವಿನೂ ಜಾರಿತು. ಬಾಯಿ ತೆರಕೊಂಡ ಮಣ್ಣಿಗೆ ಹ್ವಾದನವ್ವಾ, ಯಾರಿಗೋ ಏನೋ ಹೇಳಾವರಗತೆ... ಅವತ್ತ ಸಂಜೀನ ಇಲ್ಲೆ ಸಪ್ಪಳ ಮತ್ತ ಶುರುವಾತು. ಮ್ಯಾಲಿಂದ ಜ್ವಾಳ ಸುರವ್ಯಾರ ಖರೆ, ಆ ಸಪ್ಪಳ ಶುರುವಾದಾಗಿಂದ ಇಲ್ಲೀತನಕ ಯಾರೂ ಒಳಗ ಇಳದಿಲ್ಲ. ಗಂಟ ಬಿಚ್ಚೇತಿ. ಅರ್ಧ ಮಾತ ಉಳದೈತಿ. ಕಾಳಪ್ಪನೂ ಇಲ್ಲ... ಕೇಳಾವರು ಯಾರು?"

ಸುಗ್ರಾ ಎದ್ದಳು. ಮಳೆಯಲ್ಲಿ ಅಂಗಳ ದಾಟಿ, ಹಾಸುಗಲ್ಲಿನ ಮೇಲೆ ಮಂಡಿಯೂರಿ, ಬಾಯಿ ಹಚ್ಚಿದಳು. ಕಲ್ಲು ಬೆಚ್ಚಗಿತ್ತು.

"ಲಕ್ಕವ್ವಾ... ಏನ ಬೇಕವ್ವಾ?"

ಸಪ್ಪಳ ನಿಂತಿತು. ಕಲ್ಲಿನ ಕೆಳಗೆ ಜೋಳ ಸರಸರ ಸರಿದು ಯಾರಿಗೋ ಜಾಗ ಮಾಡಿದಂತಾಯಿತು. ಅಷ್ಟರಲ್ಲಿ ವಾಡೆಯ ಒಳಗಿನಿಂದ ರಾವಸಾಬನ ದನಿ ಬಂತು, ಸಂಜೆಯ ಮಂಪರಿನದು, ಸಿಟ್ಟಿನದು:

"ಯಾರದು, ನನ್ನ ಕರದವರು?"

ಹೆಂಗಸರು ಕತ್ತಲಲ್ಲೇ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಯಾರೂ ಕರೆದಿರಲಿಲ್ಲ. ಶಮಶಾದಬಿ ಸುಗ್ರಾಳ ತೋಳು ಹಿಡಿದು ಎಬ್ಬಿಸಿದಳು, ಒದ್ದೆ ತಲೆಗೆ ತನ್ನ ಸೆರಗು ಹೊದಿಸಿದಳು.

"ನಾಳೆ ಕಲ್ಲ ತಗದಾಗ ನೀ ಹಿಂದ ನಿಂದರು, ಮಗಳ. ಆಕಿ ಕರದದ್ದು ನಿನ್ನಲ್ಲ, ಇಳಿಸಿದಾಂವನ್ನ."