ಪೂಜೆಗೆ ಕೂತ ಟೇಪು

ಹರಿಹರದಿಂದ ದಾವಣಗೆರೆಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಒಬ್ಬ ಗುತ್ತೂರಿನ ಯಾವುದೋ ಕಾರ್ಖಾನೆಯ ಕಂಪ್ಯೂಟರ್ ಆಪರೇಟರ್ ಬಕ್ಕೇಶ. ಇನ್ನೊಬ್ಬರು ಅಲ್ಲಿನ ಕಂಪ್ಯೂಟರ್ ರಿಪೇರಿ ಮಾಡಲು ಹೋಗಿದ್ದ ಮುಜಾಹಿದ್. ಬೆಳಿಗ್ಗೆ ಡಿಸ್ಕ್ ಸತ್ತು, ಗಿರಾಕಿಗಳ ಆರ್ಡರೆಲ್ಲ ಅದರ ಜೊತೆಗೇ ಹೋಗಿದ್ದವಂತೆ.

“ದಿನಾ ರಾತ್ರಿ ತಾನಾಗೇ ಟೇಪಿಗೆ ನಕಲು ಆಗ್ಲಿ ಅಂತ ಪ್ರೋಗ್ರಾಮ್ ಹಾಕಿ ಕೊಟ್ಟಿದ್ನಲ್ಲೋ?” ಮುಜಾಹಿದ್ ಕೇಳಿದರು.

“ಪ್ರೋಗ್ರಾಮ್ ದಿನಾ ನಡೀತಿತ್ತು ಭಾಯ್.”

“ಟೇಪ್ ಎಲ್ಲಿತ್ತು?”

“ದೇವರ ಫೋಟೋ ಮುಂದೆ. ಆಯುಧಪೂಜೇಲಿ ಕುಂಕುಮ ಹಚ್ಚಿ ಇಟ್ವಿ. ಪೂಜೆಗಿಟ್ಟಿದ್ದನ್ನ ಎತ್ತಬ್ಯಾಡ ಅಂದ್ರು ಮ್ಯಾನೇಜರ್.”

“ಯುಗಾದಿ ಬಂತಲ್ಲೋ!”

“ದಿನಾ ಹೂವ ಏರಿಸ್ತಾರೆ.”

“ಟೇಪಿಲ್ಲ ಅಂತ ಮಷಿನ್ ಕೂಗ್ಲಿಲ್ಲೇನು?”

“ಕೂಗ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದ್ರೆ ಒಂದೇ ಸಮ ಬೀಪ್ ಬೀಪ್. ಮ್ಯಾನೇಜರ್‌ಗೆ ತಲೆನೋವು. ಆ ಬೀಪಿನ ವೈರ್ ಕೀಳು ಅಂದ್ರು, ಕಿತ್ತೆ.”

ಮುಜಾಹಿದ್ ಮೂಗಿನಲ್ಲೇ ಮ್ಯಾನೇಜರರ ದನಿ ತೆಗೆದರು. “ನೋಡ್ರೀ, ಗಲಾಟೆ ಇಲ್ಲ ಅಂದ್ಮ್ಯಾಲೆ ಎಲ್ಲಾ ಸರಿ ಐತೆ ಅಂತ್ಲೇ ಅರ್ಥ!”

“ಥೇಟ್ ಹಂಗೇ ಅಂದಿದ್ರು! ಈಗ ತಪ್ಪು ನಂದಂತೆ, ಕೆಲಸ ಬಿಡಬೇಕಂತೆ. ನಾಳೆ ಮಾಲೀಕರು ಬರ್ತಾರೆ. ಇದ್ದದ್ದು ಇದ್ದಂಗೆ ಹೇಳಿಬಿಡ್ತೀನಿ.”

ಬಸ್ಸು ನಿಂತಿತು. ಮುಜಾಹಿದ್ ಚೀಲ ಹೆಗಲಿಗೇರಿಸಿ ಎದ್ದರು.

“ಹೇಳು ಮಾರಾಯ. ಆ ಬೀಪೂ ಇದ್ದದ್ದು ಇದ್ದಂಗೇ ಹೇಳಿತ್ತು.”

ಬಕ್ಕೇಶ ಅವರ ಹಿಂದೆ ಇಳಿದುಹೋದ.