ಮೈರಿಗೂ ಕಲಿಸಿ

ಅವೀಮೋರ್ ಬಸ್ ನಿಲ್ದಾಣದಲ್ಲಿ ಎಫಿಯ ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಹಿಮದ ಬೆಟ್ಟ ಹತ್ತುವುದನ್ನು ಕಲಿಸುವ ರೋರಿ ಮೇಷ್ಟ್ರು, ಅವಳೂರಿನವರೇ. ಜೊತೆಗಿದ್ದ ಹೆಂಗಸನ್ನು ಎಫಿ ಹಿಂದೆಂದೂ ಕಂಡಿರಲಿಲ್ಲ.

“ಈ ಚಳಿಗಾಲ ಯಾರಿಗೂ ಕಲಿಸ್ತಿಲ್ಲವಂತೆ, ಮೇಷ್ಟ್ರೇ?”

“ಆಗ್ತಿಲ್ಲ ಶೋನಾ. ಹಿಮಗೊಡಲಿ ಕೈಗೆ ತಗೊಂಡ್ರೆ ನಿಮ್ಮ ಮಗನೇ ಕಣ್ಮುಂದೆ ಬರ್ತಾನೆ.”

“ಲಾಕ್ಲನ್ ನೀವು ಹೇಳಿದ ಹಾಗೇ ಗಾಳಿ ನೋಡಿ ವಾಪಸ್ ಹೊರಟಿದ್ದ. ಮೇಲೆ ಉಳಿದ ಗೆಳೆಯರನ್ನ ಕರೆಯೋಕೆ ತಿರುಗಿ ಹತ್ತಿದ. ಹಿಮ ಕುಸಿದಿದ್ದು ಆಗ.”

“ಜೊತೆಯವರನ್ನ ಬಿಟ್ಟು ಬರಬೇಡಿ ಅಂತಾನೂ ನಾನೇ ಕಲಿಸಿದ್ದು.”

“ನಿಮ್ಮನ್ನ ದೂರೋಕೆ ಬಂದಿಲ್ಲ. ನನ್ನ ಮೈರಿಗೂ ಕಲಿಸಿ.”

“ಮಗಳಿಗಾ? ಉಳಿದಿರೋದು ಅವಳೊಬ್ಬಳು!”

“ಬೇಡ ಅಂತ ಅತ್ತೂ ನೋಡಿದೆ. ಅಣ್ಣ ಹತ್ತಿದ ಬೆಟ್ಟ ಹತ್ತೇ ಹತ್ತುತೀನಿ ಅಂತಾಳೆ. ಏನೂ ಕಲೀದೆ ಹೋದ್ರೆ ಏನು ಗತಿ, ಹೇಳಿ?”

ಶೋನಾಳ ಊರಿನ ಬಸ್ಸು ಬಂತು. ಮೇಷ್ಟ್ರು ಎದ್ದು ಅವಳ ಚೀಲ ಎತ್ತಿಕೊಂಡರು.

“ಶನಿವಾರ ಕಳಿಸಿ. ಮೊದಲು ಜಾರೋವಾಗ ತಡೆದು ನಿಲ್ಲೋದು ಕಲೀಲಿ.”

“ಅವನಿಗೂ ಅದನ್ನೇ ಮೊದಲು ಹೇಳಿಕೊಟ್ಟಿದ್ರಿ. ಮನೆ ಮೆಟ್ಟಿಲ ಮೇಲೆ ಹಾಸಿಗೆ ಹಾಕ್ಕೊಂಡು ಜಾರಿ ಜಾರಿ ನೋಡ್ತಿದ್ದ, ಕೋತಿ.”

ನಗಲು ಹೋದ ಶೋನಾ ಅಳತೊಡಗಿದಳು. ಮೇಷ್ಟ್ರು ಮೊಣಕೈ ಹಿಡಿದು ಅವಳನ್ನು ಬಸ್ಸು ಹತ್ತಿಸಿದರು. ಅದು ತಮ್ಮೂರಿಗೆ ಹೋಗುವ ಬಸ್ಸಲ್ಲ ಎಂದು ಎಫಿ ಕೂಗಿ ಹೇಳುವಷ್ಟರಲ್ಲಿ, ಮೇಷ್ಟ್ರೂ ಹತ್ತಿ ಶೋನಾಳ ಪಕ್ಕ ಕೂತಿದ್ದರು.